ಬೆಂಗಳೂರಿಗೆ ಹೋಗೋದು ಗಟ್ಟಿಯಾಯ್ತು, ಮನೆ ಎಲ್ಲಿ ಮಾಡೋದು?

ಹರಿಹರದಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಗಂಡನಿಗೆ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿದೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹತ್ತು ತಿಂಗಳು. "ಅಕ್ಕಾ, ಎಲ್ಲಾ ಸೇರಿ ತಿಂಗಳಿಗೆ ಇಪ್ಪತ್ತೈದು ಸಾವಿರ ದಾಟಿದರೆ ನಮಗೆ ಕಷ್ಟ. ವಿಜಯನಗರದಲ್ಲಿ ಒಂದು ಮಹಡಿ ಮನೆ ಇದೆ. ಕೆಂಗೇರಿಯಲ್ಲಿ ಸಣ್ಣ ಅಪಾರ್ಟ್‌ಮೆಂಟು. ಇವರ ಆಫೀಸಿನ ಹತ್ತಿರ ದೊಡ್ಡ ಸೊಸೈಟೀಲಿ ಒಂದು ಫ್ಲ್ಯಾಟ್ ಇದೆ. ಇನ್ನೊಬ್ಬರು ಭೋಗ್ಯಕ್ಕೆ ಕೊಡ್ತೀನಿ ಅಂತಿದ್ದಾರೆ. ಯಾವುದು ಹಿಡಿಯೋಣ?" ಅಂದಳು.

ಈ ಪ್ರಶ್ನೆಯನ್ನು ಊರಿನವರು ನನ್ನನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಲ್ಲ. ದಾವಣಗೆರೆಯಿಂದ ಕೈಗೂಸು ಎತ್ತಿಕೊಂಡು ಬಂದವರು ನಾವೂ. ಆರು ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದೇವೆ. ಮೊದಲನೆಯದನ್ನು ಬಾಡಿಗೆ ಕಡಿಮೆ ಅಂತ ಹಿಡಿದೆವು, ಎರಡನೆಯದನ್ನು ಲಿಫ್ಟ್ ಇದೆ ಅಂತ ಹಿಡಿದೆವು. ಮೂರನೆಯದನ್ನು ಹಿಡಿಯುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ತಂಗಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮನೆ ನೋಡುವ ಮೊದಲು ಏನೇನು ಅಳೆಯಬೇಕು

ಬಾಡಿಗೆ ಎಷ್ಟು ಅನ್ನುವುದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ. ಆ ಮನೆಯಲ್ಲಿದ್ದರೆ ತಿಂಗಳಿಗೆ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಬಾಡಿಗೆ 20,000 ಅಂತಿಟ್ಟುಕೊಳ್ಳಿ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರು, ಅಂದರೆ 2 ಲಕ್ಷ. ಬೆಂಗಳೂರಿನ ಹಳೇ ಪದ್ಧತಿ ಇದು. ಈಗ ಐದಾರು ತಿಂಗಳಿಗೆ ಇಳಿದವರೂ ಇದ್ದಾರೆ, ಹತ್ತಕ್ಕೇ ಪಟ್ಟು ಹಿಡಿಯುವವರೂ ಇದ್ದಾರೆ. ಆ 2 ಲಕ್ಷ ಬ್ಯಾಂಕಿನಲ್ಲಿ ಶೇಕಡಾ 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 14,000 ಬರುತ್ತಿತ್ತು. ತಿಂಗಳಿಗೆ ಸುಮಾರು 1,170. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಇನ್ನೊಂದು ತಿಂಗಳದ್ದು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಎರಡೂ ಸೇರಿ 40,000. ಎರಡು ವರ್ಷ ಇದ್ದಿರಿ ಅಂದರೆ ತಿಂಗಳಿಗೆ 1,670 ಬಿತ್ತು. ಅಲ್ಲಿಗೆ 20,000ದ ಮನೆ 22,840ರದ್ದಾಯಿತು. ಇದಕ್ಕೆ ಮೇಂಟೆನೆನ್ಸ್, ನೀರು, ಓಡಾಟ, ಮಗುವಿನ ಸ್ಕೂಲ್ ವ್ಯಾನ್ ಸೇರಿಸಿ. ಆಗ ಸಿಗುವ ಸಂಖ್ಯೆಯನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು.

ಎರಡನೆಯದು ಮೊದಲ ದಿನ ಕೊಡಬೇಕಾದ ದುಡ್ಡು. ಇದು ಖರ್ಚಿಗಿಂತ ಬೇರೆ ಮಾತು. ಅಡ್ವಾನ್ಸ್ ವಾಪಸ್ ಬರುವ ದುಡ್ಡೇ ಇರಬಹುದು. ಆದರೆ ಬಂದ ತಿಂಗಳೇ ಅಡ್ವಾನ್ಸು, ಬ್ರೋಕರು, ಸಾಮಾನಿನ ಲಾರಿ, ಮಗಳ ಸ್ಕೂಲ್ ಡೊನೇಷನ್ ಎಲ್ಲಾ ಒಟ್ಟಿಗೆ ಬರುತ್ತವೆ. ಸಂಬಳ ಮಾತ್ರ ತಿಂಗಳ ಕೊನೆಗೆ.

ಮೂರನೆಯದು ಸಮಯ. ಆಫೀಸಿಗೆ ಎಷ್ಟು ಹೊತ್ತು ಅಂತ ಎಲ್ಲರೂ ಕೇಳುತ್ತಾರೆ. ನಾನು ಇನ್ನೊಂದು ಕೇಳು ಅನ್ನುತ್ತೇನೆ. ಬೆಳಗ್ಗೆ ಹನ್ನೊಂದಕ್ಕೆ ಸ್ಕೂಲಿನಿಂದ "ಮಗುವಿಗೆ ಜ್ವರ ಬಂದಿದೆ, ಕರ್ಕೊಂಡು ಹೋಗಿ" ಅಂತ ಫೋನ್ ಬಂದರೆ ಯಾರು ಹೋಗುತ್ತೀರಿ, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ? ಪುಟ್ಟ ಮಕ್ಕಳಿರುವ ಮನೆಯಲ್ಲಿ ಈ ಫೋನು ತಿಂಗಳಿಗೆ ಒಂದು ಸಲವಾದರೂ ಬರುತ್ತದೆ.

ನಾಲ್ಕು, ನೀರು. ಐದು, ಮಗು ಸೊಂಟದ ಮೇಲಿದ್ದಾಗ ನಡೆದು ಹೋಗುವಷ್ಟು ದೂರದಲ್ಲಿ ಏನೇನಿದೆ ಅನ್ನುವುದು: ಮಕ್ಕಳ ಡಾಕ್ಟರು, ಮೆಡಿಕಲ್ ಶಾಪು, ಹಾಲಿನ ಬೂತು, ನರ್ಸರಿ, ಒಂದು ಪಾರ್ಕು. ಆರನೆಯದು ಅಕ್ಕಪಕ್ಕದ ಜನ. ಇದನ್ನು ರೂಪಾಯಿಯಲ್ಲಿ ಹೇಳೋಕಾಗಲ್ಲ, ಆದರೆ ಊರಲ್ಲಿ ಅಜ್ಜಿ ಅತ್ತೆ ಇದ್ದು ಬೆಳೆದವರಿಗೆ ಇಲ್ಲಿ ಮೊದಲ ಆರು ತಿಂಗಳು ಇದೇ ಕಾಡುವುದು.

ಹಳೇ ಬಡಾವಣೆಯ ಮಹಡಿ ಮನೆ

ವಿಜಯನಗರ, ಹಂಪಿನಗರ, ಬಸವೇಶ್ವರನಗರ, ರಾಜಾಜಿನಗರ, ಹನುಮಂತನಗರ, ಬನಶಂಕರಿ ಎರಡನೇ ಹಂತ. ಈ ಕಡೆಯೆಲ್ಲಾ ಮೂವತ್ತು ನಲವತ್ತರ ಸೈಟಿನಲ್ಲಿ ಓನರ್ ಕೆಳಗಿರುತ್ತಾರೆ, ಮೇಲೆ ಒಂದೋ ಎರಡೋ ಪೋರ್ಷನ್ ಬಾಡಿಗೆಗೆ ಕೊಟ್ಟಿರುತ್ತಾರೆ. ನಮ್ಮ ಮೊದಲ ಮನೆ ಇಂಥದ್ದೇ.

ಇಲ್ಲಿನ ದೊಡ್ಡ ಲಾಭ ನೀರು. ಇವೆಲ್ಲ ಕಾವೇರಿ ನೀರಿನ ಪೈಪು ಹಳೇ ಕಾಲದಲ್ಲೇ ಬಂದ ಜಾಗಗಳು. ದಿನ ಬಿಟ್ಟು ದಿನ ಬರಬಹುದು, ಹೊತ್ತಲ್ಲದ ಹೊತ್ತಿನಲ್ಲಿ ಬರಬಹುದು, ಆದರೆ ಬರುತ್ತದೆ. 2024ರ ಬೇಸಿಗೆಯಲ್ಲಿ ಊರಂಚಿನ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ ಈ ಬೀದಿಗಳಲ್ಲಿ ಬಹಳ ಮನೆಯವರು ಹೇಗೋ ಸುಧಾರಿಸಿಕೊಂಡರು.

ಎರಡನೇ ಲಾಭ, ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತದೆ. ತರಕಾರಿಯವನು ಬಾಗಿಲಿಗೇ ಬರುತ್ತಾನೆ. ಅಂಗನವಾಡಿ ಇರುತ್ತದೆ, ಸಣ್ಣ ನರ್ಸರಿಗಳು ಇರುತ್ತವೆ, ಕನ್ನಡ ಮಾತಾಡುವ ಡಾಕ್ಟರ್ ಇರುತ್ತಾರೆ. ಬಸ್ಸು ಜಾಸ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಮ್ಮನೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಮೂರನೆಯದು ಓನರ್ ಆಂಟಿ. ಇದು ಲಾಭವೂ ಹೌದು, ನಷ್ಟವೂ ಹೌದು. ನಮ್ಮ ಓನರ್ ಆಂಟಿ ಮಗಳನ್ನು ಸಂಜೆ ಎರಡು ಗಂಟೆ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಒಂದು ರೂಪಾಯಿ ಮುಟ್ಟಲಿಲ್ಲ. ಅದೇ ಆಂಟಿ ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬಾರದು ಅನ್ನುತ್ತಿದ್ದರು. ಊರಿಂದ ನೆಂಟರು ಬಂದರೆ "ಎಷ್ಟು ದಿನ ಇರ್ತಾರೆ?" ಅಂತ ನಗುತ್ತಲೇ ಕೇಳುತ್ತಿದ್ದರು. ಎಷ್ಟೋ ಕಡೆ ಊಟದ ವಿಚಾರ, ಜಾತಿ ವಿಚಾರವನ್ನೂ ಸುತ್ತಿ ಬಳಸಿ ಕೇಳುತ್ತಾರೆ. ಬೇಜಾರಾಗುತ್ತದೆ. ಅಂಥ ಮನೆಯಲ್ಲಿ ಮುಚ್ಚಿಟ್ಟು ಸೇರಿಕೊಂಡು ಎರಡು ವರ್ಷ ಕಿಟಕಿ ಹಾಕಿಕೊಂಡು ಅಡುಗೆ ಮಾಡುವುದಕ್ಕಿಂತ ಮುಂದಿನ ಬೀದಿಗೆ ಹೋಗುವುದು ವಾಸಿ.

ಇನ್ನು ಕೊರತೆಗಳು. ಮೆಟ್ಟಿಲು ಕಡಿದಾಗಿರುತ್ತದೆ, ಲಿಫ್ಟ್ ಇಲ್ಲ. ಕೈಗೂಸು, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ ಎಲ್ಲಾ ಅದೇ ಮೆಟ್ಟಿಲಲ್ಲಿ ಹತ್ತಬೇಕು. ತಾರಸಿಯ ಗೋಡೆ ಎಷ್ಟು ಎತ್ತರ ಇದೆ ನೋಡಿ. ಬಾಲ್ಕನಿ ಗ್ರಿಲ್ಲಿನ ಸಂದಿಯಲ್ಲಿ ಮಗುವಿನ ತಲೆ ತೂರುತ್ತದಾ ನೋಡಿ. ನಾನಂತೂ ಮಗಳನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿಯೇ ನೋಡುತ್ತಿದ್ದೆ. ಪಕ್ಕದ ಮನೆಯ ಗೋಡೆ ಒತ್ತಿಕೊಂಡೇ ಇರುವುದರಿಂದ ಬೆಳಕು ಕಡಿಮೆ. ಹಗಲು ಹನ್ನೆರಡಕ್ಕೂ ಲೈಟ್ ಹಾಕಬೇಕಾದ ರೂಮಿನಲ್ಲಿ ಮಗುವಿನ ಬಟ್ಟೆ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗಲ್ಲ.

ಕರೆಂಟಿನ ಮೀಟರ್ ಬಗ್ಗೆ ಒಂದು ಮಾತು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಪೋರ್ಷನ್ನಿಗೆ ಬೆಸ್ಕಾಂನ ಬೇರೆ ಮೀಟರ್ ಇರಬೇಕು. ಓನರ್ ತಾವೇ ಹಾಕಿಸಿದ ಸಬ್ ಮೀಟರ್ ಇದ್ದರೆ ಅದು ಅವರ ಲೆಕ್ಕಕ್ಕೇ ಹೋಗುತ್ತದೆ, ನೀವು ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ. ಬೇರೆ ಮೀಟರ್ ಇದ್ದರೆ, ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ತೆಗೆಸಿದ್ದಾರಾ ಕೇಳಿ. ತೆಗೆಸದಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗಲ್ಲ.

ಇಂಥ ಮನೆಗಳು ಆ್ಯಪುಗಳಲ್ಲಿ ಕಡಿಮೆ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡೇ ಇಲ್ಲಿನ ಜಾಹೀರಾತು. ಭಾನುವಾರ ಬೆಳಗ್ಗೆ ಸ್ಕೂಟರಿನಲ್ಲಿ ಒಂದು ಸುತ್ತು ಹಾಕಿ. ಇಸ್ತ್ರಿ ಅಂಗಡಿಯವರನ್ನು, ದಿನಸಿ ಅಂಗಡಿಯವರನ್ನು ಕೇಳಿ. ಯಾರ ಮನೆ ಯಾವಾಗ ಖಾಲಿಯಾಗುತ್ತದೆ ಅಂತ ಬ್ರೋಕರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಒಂದು ತಿಂಗಳ ಬಾಡಿಗೆ ಉಳಿಯಿತಲ್ವಾ.

ಸಣ್ಣ ಅಪಾರ್ಟ್‌ಮೆಂಟ್

ಹನ್ನೆರಡರಿಂದ ಇಪ್ಪತ್ತು ಮನೆಗಳ, ಒಂದು ಲಿಫ್ಟಿನ, ಒಬ್ಬ ವಾಚ್‌ಮನ್‌ನ ಕಟ್ಟಡಗಳು. ನಮ್ಮ ಎರಡನೇ ಮನೆ ಕನಕಪುರ ರಸ್ತೆಯ ಆಚೆ ಇಂಥದ್ದರಲ್ಲಿತ್ತು. ಓನರ್ ಬೇರೆಲ್ಲೋ ಇರುತ್ತಾರೆ, ನಿಮ್ಮ ಪಾಡಿಗೆ ನೀವು. ಗಾಳಿ ಬೆಳಕು ಪರವಾಗಿಲ್ಲ. ಮಗು ಮಲಗಿದ್ದಾಗ ಕರೆಂಟ್ ಹೋದರೆ ಜನರೇಟರ್ ಇರುತ್ತದೆ, ಕೆಲವು ಕಡೆ ಲಿಫ್ಟಿಗೆ ಮಾತ್ರ.

ಇಲ್ಲಿ ಎಡವುವುದು ನೀರಿನಲ್ಲಿ. ಬಹಳ ಕಟ್ಟಡಗಳು ಒಂದು ಬೋರ್‌ವೆಲ್ ಮೇಲೆ ನಿಂತಿರುತ್ತವೆ. 2024ರ ಮಾರ್ಚಿನಲ್ಲಿ ನಮ್ಮ ಬೋರು ಕೈಕೊಟ್ಟಿತು. ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಆ ದರಕ್ಕೆ ನಮ್ಮ ಬೀದಿಗೆ ಬರುವ ಟ್ಯಾಂಕರ್ ಮಾತ್ರ ಸಿಗುತ್ತಿರಲಿಲ್ಲ. ತಿಂಗಳಿಗೆ ಮನೆಗೆ ಒಂದೂವರೆ ಸಾವಿರ ಹೆಚ್ಚಿಗೆ ಕಟ್ಟಿದೆವು. ಎರಡು ವರ್ಷದ ಮಗನ ಬಟ್ಟೆ ಒಗೆಯೋಕೆ ವಾಷಿಂಗ್ ಮಷೀನಿನ ಎರಡನೇ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುತ್ತಿದ್ದೆ.

ಹಾಗಾಗಿ ಇಲ್ಲಿ ಓನರನ್ನಲ್ಲ, ವಾಚ್‌ಮನ್‌ನನ್ನು ಕೇಳಬೇಕು. "ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ?" ಅಂತ ನೇರವಾಗಿ ಕೇಳಿ. "ಬರುತ್ತಾ?" ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾನೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಶುರುವಾಯಿತು. ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ಆದರೆ ರಸ್ತೆಯಲ್ಲಿ ಪೈಪ್ ಇರುವುದು ಬೇರೆ, ಕಟ್ಟಡದವರು ದುಡ್ಡು ಕಟ್ಟಿ ಸಂಪರ್ಕ ತೆಗೆದುಕೊಂಡಿರುವುದು ಬೇರೆ. ಜಲಮಂಡಳಿಯ ಬಿಲ್ ತೋರಿಸಿ ಅನ್ನಿ.

ಇನ್ನೊಂದು, ಆಡೋಕೆ ಜಾಗ ಇರುವುದು ಕಾರ್ ಪಾರ್ಕಿಂಗಿನಲ್ಲಿ ಮಾತ್ರ. ಸಂಜೆ ಕಾರುಗಳು ವಾಪಸ್ ಬರುವ ಹೊತ್ತಿಗೇ ಮಕ್ಕಳೂ ಅಲ್ಲಿ ಆಡುತ್ತಿರುತ್ತವೆ. ಹತ್ತಿರದಲ್ಲಿ ಪಾರ್ಕ್ ಇಲ್ಲದ ಸಣ್ಣ ಅಪಾರ್ಟ್‌ಮೆಂಟನ್ನು ಪುಟ್ಟ ಮಕ್ಕಳಿರುವವರಿಗೆ ನಾನು ಹೇಳುವುದಿಲ್ಲ.

ಆಫೀಸಿನ ಹತ್ತಿರದ ದೊಡ್ಡ ಸೊಸೈಟಿ

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಕಡೆಯ ನೂರಾರು ಮನೆಗಳ ಗೇಟೆಡ್ ಸೊಸೈಟಿಗಳು. ಬಾಡಿಗೆ ಕೇಳಿದರೆ ಊರಿನವರು ಬೆಚ್ಚಿ ಬೀಳುತ್ತಾರೆ. ಆದರೆ ಅಡ್ವಾನ್ಸ್ ಇಲ್ಲಿ ಎಷ್ಟೋ ಸಲ ಎರಡು ಮೂರು ತಿಂಗಳಿಗೇ ಮುಗಿಯುತ್ತದೆ. ಕೈಯಲ್ಲಿ ಗಂಟು ಇಲ್ಲ, ಸಂಬಳ ಮಾತ್ರ ಚೆನ್ನಾಗಿದೆ ಅನ್ನುವವರಿಗೆ ಇದು ದೊಡ್ಡ ಅನುಕೂಲ.

ಮಕ್ಕಳಿಗೆ ಇದರಂಥ ಜಾಗ ಇನ್ನೊಂದಿಲ್ಲ ಅಂತ ಒಪ್ಪಿಕೊಳ್ಳಲೇಬೇಕು. ಗಾಡಿಗಳ ಭಯವಿಲ್ಲದೆ ಸೈಕಲ್ ಹೊಡೆಯುತ್ತವೆ. ಕಟ್ಟಡದೊಳಗೇ ಡೇಕೇರ್ ಇರುತ್ತದೆ, ಒಂದೇ ವಯಸ್ಸಿನ ಹತ್ತು ಮಕ್ಕಳು ಸಿಗುತ್ತವೆ. ಬೇರೆ ಬೇರೆ ರಾಜ್ಯದಿಂದ ಹೀಗೇ ಬಂದ ಅಮ್ಮಂದಿರು ಇರುತ್ತಾರೆ, ಅಜ್ಜಿ ಇಲ್ಲದ ಕಷ್ಟ ಅವರಿಗೂ ಗೊತ್ತು. ಮಾತು ಮಾತ್ರ ಹಿಂದಿ, ಇಂಗ್ಲಿಷು. ನನ್ನ ಗೆಳತಿಯ ಮಗ ಆರು ತಿಂಗಳಲ್ಲಿ ಅಜ್ಜಿಯ ಜೊತೆ ಫೋನಿನಲ್ಲಿ ಹಿಂದಿ ಶುರು ಮಾಡಿದ. ಅಜ್ಜಿ ಗುಬ್ಬಿಯವರು, "ಏನಂತಾನೆ ಇವ್ನು?" ಅಂತ ಕೂತರು. ಮನೆಯಲ್ಲಿ ಕನ್ನಡ ಗಟ್ಟಿಯಾಗಿ ಮಾತಾಡಿದರೆ ಸರಿಹೋಗುತ್ತದೆ, ಭಯಪಡುವಂಥದ್ದಲ್ಲ.

ಒಂದು ಲೀಟರ್ ಹಾಲು ತರೋಕೂ ಆ್ಯಪ್ ತೆಗೆಯಬೇಕು ಅನ್ನುವುದು ಇಲ್ಲಿನ ಗುಪ್ತ ಖರ್ಚು. ಹೊರಗೆ ಫುಟ್‌ಪಾತೇ ಇಲ್ಲದ ಕಡೆ ಮಗು ಎತ್ತಿಕೊಂಡು ನಡೆಯೋಕಾಗಲ್ಲ, ಹತ್ತು ನಿಮಿಷದ ದಾರಿಗೂ ಆಟೋ ಬೇಕು. ಸ್ಕೂಲುಗಳ ಫೀಸೂ ಆ ಕಡೆ ಹೆಚ್ಚು. ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ, ಟ್ಯಾಂಕರ್ ದುಡ್ಡು ಬೇರೆಯಾ, ಮನೆ ಸೇರುವಾಗ ಬಿಡುವಾಗ ಅಸೋಸಿಯೇಷನ್‌ಗೆ ಕಟ್ಟುವ ಶುಲ್ಕ ಎಷ್ಟು, ಇವನ್ನು ಮೊದಲೇ ಬರೆಸಿಕೊಳ್ಳಿ.

ಮೆಟ್ರೋ ಲೈನಿನ ಕೊನೆ

ಈಗ ಬೆಂಗಳೂರಿನಲ್ಲಿ ಮನೆ ಹುಡುಕುವ ಲೆಕ್ಕವನ್ನೇ ಮೆಟ್ರೋ ಬದಲಿಸಿದೆ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, 43 ಕಿಲೋಮೀಟರಿಗೂ ಜಾಸ್ತಿ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿಗೆ ಹೆದರಿ ಅಲ್ಲೇ ಮನೆ ಮಾಡಬೇಕು ಅನ್ನುವ ಹಣೆಬರಹ ತಪ್ಪಿತು. ಬನಶಂಕರಿ ಕಡೆ ಇದ್ದುಕೊಂಡು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಆಯಿತು.

ಕೆಂಗೇರಿ, ನಾಗಸಂದ್ರ, ತಲಘಟ್ಟಪುರ ಕಡೆ ಬಾಡಿಗೆ ಊರ ನಡುವಿಗಿಂತ ಕಡಿಮೆ, ಮನೆ ಹೊಸದು. ಆದರೆ ಮೆಟ್ರೋ ಈಗ ಅಗ್ಗವಲ್ಲ. 2025ರ ಫೆಬ್ರುವರಿಯ ಏರಿಕೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು. ದಿನಕ್ಕೆ 180, ತಿಂಗಳಿಗೆ 22 ದಿನ ಅಂದರೆ 3,960. ಸ್ಮಾರ್ಟ್ ಕಾರ್ಡಿನ ಶೇಕಡಾ 5 ಕಳೆದರೂ 3,760 ಇದ್ದೇ ಇದೆ. (ಮೂರಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ನನ್ನ ಮಗ ಈಚೆಗೆ ಮೂರಡಿ ದಾಟಿದ, ಮನೆಯಲ್ಲಿ ಒಂದು ದಿನದ ಶೋಕ.)

ಇಲ್ಲಿ ನೋಡಬೇಕಾದ್ದು ಸ್ಟೇಷನ್ನಿಗೆ ಎಷ್ಟು ದೂರ ಅನ್ನುವುದು. "ಮೆಟ್ರೋದಿಂದ ಐದೇ ನಿಮಿಷ" ಅಂತ ಬ್ರೋಕರ್ ಹೇಳುವುದು ಬೈಕಿನಲ್ಲಿ, ರಾತ್ರಿ ಹನ್ನೆರಡಕ್ಕೆ. ನಡೆದು ಹತ್ತು ಹನ್ನೆರಡು ನಿಮಿಷಕ್ಕಿಂತ ದೂರ ಇದ್ದರೆ ದಿನಾ ಆಟೋ ಅಥವಾ ಸ್ಕೂಟರ್ ಪಾರ್ಕಿಂಗ್ ಸೇರಿಸಿ. ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲೇ ಕರಗುತ್ತದೆ.

ಭೋಗ್ಯ

ಇದು ಜಾಗದ ಪ್ರಶ್ನೆಯಲ್ಲ, ದುಡ್ಡು ಕೊಡುವ ಬಗೆಯ ಪ್ರಶ್ನೆ. ಒಂದೇ ಸಲ ದೊಡ್ಡ ಗಂಟು ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಪೂರ್ತಿ ವಾಪಸ್. ಕೇಳೋಕೆ ಬಹಳ ಚೆನ್ನಾಗಿದೆ. ತಂಗಿಗೆ ಬಂದಿದ್ದ ಮಾತು, ರಾಜರಾಜೇಶ್ವರಿನಗರದ ಕಡೆ ಎರಡು ಬೆಡ್‌ರೂಮಿನ ಮನೆ, 12 ಲಕ್ಷ, ಮೂರು ವರ್ಷ.

ಲೆಕ್ಕ ಹೀಗೆ. 12 ಲಕ್ಷಕ್ಕೆ ಶೇಕಡಾ 7ರಂತೆ ವರ್ಷಕ್ಕೆ 84,000, ತಿಂಗಳಿಗೆ 7,000. ಅಂಥ ಮನೆಗೆ ಬಾಡಿಗೆ 18,000 ಇದ್ದರೆ ತಿಂಗಳಿಗೆ 11,000 ಉಳಿಯಿತು. ಆದರೆ ಕೈಯಲ್ಲಿ ದುಡ್ಡಿಲ್ಲದೆ ಶೇಕಡಾ 13ರ ಪರ್ಸನಲ್ ಲೋನ್ ತೆಗೆದು ಕೊಟ್ಟರೆ ಬಡ್ಡಿಯೇ ತಿಂಗಳಿಗೆ 13,000. ಉಳಿದದ್ದು 5,000 ಮಾತ್ರ. ಅಷ್ಟಕ್ಕೆ 12 ಲಕ್ಷವನ್ನು ಪರಿಚಯವಿಲ್ಲದವರ ಕೈಗೆ ಕೊಡುತ್ತೀರಾ?

ಅದಕ್ಕಿಂತ ಮುಖ್ಯ ಇನ್ನೊಂದು. ಓನರಿಗೆ 12 ಲಕ್ಷ ಒಟ್ಟಿಗೆ ಯಾಕೆ ಬೇಕು? ಮಗಳ ಮದುವೆ, ಇನ್ನೊಂದು ಸೈಟು ಅಂದರೆ ಪರವಾಗಿಲ್ಲ. ಎಷ್ಟೋ ಸಲ ಆ ಮನೆಯ ಮೇಲೇ ಬ್ಯಾಂಕ್ ಸಾಲ ಇರುತ್ತದೆ, ಕಂತು ನಿಂತಿರುತ್ತದೆ. ಬ್ಯಾಂಕಿನವರು ಬಂದು ಮನೆಗೆ ನೋಟಿಸ್ ಅಂಟಿಸಿದ ದಿನ ನಿಮ್ಮ ಕೈಯಲ್ಲಿ ಬರೀ ಒಂದು ಸ್ಟ್ಯಾಂಪ್ ಪೇಪರ್ ಇರುತ್ತದೆ. ಇನ್ನೊಂದು ಮೋಸವೂ ನಡೆಯುತ್ತದೆ: ಮಧ್ಯದವರು ಓನರಿನಿಂದ ಮನೆಯನ್ನು ಬಾಡಿಗೆಗೆ ತೆಗೆದುಕೊಂಡು ನಿಮಗೆ ಭೋಗ್ಯಕ್ಕೆ ಕೊಡುತ್ತಾರೆ. ನಾಲ್ಕು ತಿಂಗಳು ಓನರಿಗೆ ಬಾಡಿಗೆ ಕಟ್ಟಿ ಮಾಯವಾಗುತ್ತಾರೆ. ಐದನೇ ತಿಂಗಳು ಓನರ್ ಬಂದು ನಿಮ್ಮ ಬಾಗಿಲು ತಟ್ಟುತ್ತಾರೆ.

ಭೋಗ್ಯಕ್ಕೆ ಹೋಗಲೇಬೇಕು ಅಂದರೆ ಓನರ್ ಕೈಗೆ ಅಲ್ಲ, ಅವರದೇ ಬ್ಯಾಂಕ್ ಖಾತೆಗೆ ದುಡ್ಡು ಹಾಕಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಸಾಲ ಅದರಲ್ಲಿ ಕಾಣದೆಯೂ ಇರಬಹುದು, ಹಾಗಾಗಿ ಬ್ಯಾಂಕುಗಳಿಗೆ ಅಡವಿಟ್ಟ ಆಸ್ತಿಗಳ ವಿವರ ಇಡುವ ಸೆರ್ಸಾಯ್ (CERSAI) ವೆಬ್‌ಸೈಟಿನಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಿ. ಅವಧಿ ಒಂದು ವರ್ಷ ದಾಟಿದರೆ ಕಾನೂನಿನ ಪ್ರಕಾರ ಕರಾರು ನೋಂದಣಿಯಾಗಬೇಕು. "ಸುಮ್ನೆ ಖರ್ಚು ಯಾಕೆ, ಹನ್ನೊಂದು ತಿಂಗಳದ್ದು ಮಾಡಿ ಆಮೇಲೆ ಮುಂದುವರಿಸೋಣ" ಅಂದವರ ಮನೆ ಬಿಟ್ಟು ಎದ್ದು ಬನ್ನಿ. ಬಾಡಿಗೆಗಾದರೆ ಹನ್ನೊಂದು ತಿಂಗಳ ಕಾಗದ ನಡೆಯುತ್ತದೆ, ಹೋದರೆ ಅಡ್ವಾನ್ಸ್ ಹೋದೀತು. ಇಲ್ಲಿ ಹೋಗುವುದು ಜೀವಮಾನದ ಗಂಟು.

ಪರಿಚಯದವರ ಮನೆ, ಸಾಲವಿಲ್ಲದ ಮನೆ, ನೋಂದಣಿಗೆ ಒಪ್ಪಿದ ಓನರ್, ನಿಮ್ಮದೇ ಸ್ವಂತ ಉಳಿತಾಯ. ಈ ನಾಲ್ಕೂ ಇದ್ದರೆ ಭೋಗ್ಯದಷ್ಟು ಅಗ್ಗ ಯಾವುದೂ ಇಲ್ಲ. ಮೂರೇ ಇದ್ದರೆ ಬೇಡ.

ತುಮಕೂರಿನಲ್ಲೋ ಮೈಸೂರಿನಲ್ಲೋ ಮನೆ ಮಾಡಿ ರೈಲಿನಲ್ಲಿ ಓಡಾಡುವುದನ್ನೂ ಕೆಲವರು ಕೇಳುತ್ತಾರೆ. ವಾರಕ್ಕೆ ಒಂದೆರಡು ದಿನ ಮಾತ್ರ ಆಫೀಸು ಅನ್ನುವವರಿಗೆ ಸರಿ. ದಿನಾ ಹೋಗುವವರಾದರೆ ಮಗು ಏಳುವ ಮೊದಲು ಹೊರಟು ಮಲಗಿದ ಮೇಲೆ ಬರುತ್ತೀರಿ. ಭಾನುವಾರದ ಅಪ್ಪ ಆಗೋಕೆ ಅಷ್ಟು ದೂರ ಸಂಸಾರ ತರಬೇಕಾಗಿಲ್ಲ.

ತಂಗಿಯ ಮೂರು ಮನೆ, ಪಕ್ಕಪಕ್ಕ

ಭೋಗ್ಯವನ್ನು ಅವಳೇ ಕೈಬಿಟ್ಟಳು, ಕೈಯಲ್ಲಿದ್ದದ್ದು ನಾಲ್ಕು ಲಕ್ಷ. ಉಳಿದ ಮೂರರ ಲೆಕ್ಕ ಹಾಕಿದೆವು. ಬ್ರೋಕರ್ ಮತ್ತು ಪೇಂಟಿಂಗ್ ದುಡ್ಡನ್ನು ಸದ್ಯಕ್ಕೆ ಬಿಟ್ಟೆವು, ಮೂರಕ್ಕೂ ಇದ್ದದ್ದೇ.

ವಿಜಯನಗರದ ಮಹಡಿ ಮನೆ: ಬಾಡಿಗೆ 19,000. ಅಡ್ವಾನ್ಸ್ 1.9 ಲಕ್ಷದ ಬಡ್ಡಿ 1,100. ನೀರಿಗೆ 300. ಮೆಟ್ರೋ 3,760. ನರ್ಸರಿ ಎರಡು ಬೀದಿ ಆಚೆ, ವ್ಯಾನ್ ಬೇಡ. ಒಟ್ಟು 24,160.

ಕೆಂಗೇರಿಯ ಸಣ್ಣ ಅಪಾರ್ಟ್‌ಮೆಂಟ್: ಬಾಡಿಗೆ 17,000. ಮೇಂಟೆನೆನ್ಸ್ 2,500. ಆರು ತಿಂಗಳ ಅಡ್ವಾನ್ಸಿನ ಬಡ್ಡಿ 600. ಮೆಟ್ರೋ 3,760. ಸ್ಕೂಲ್ ವ್ಯಾನ್ 1,800. ಒಟ್ಟು 25,660.

ಕಡಿಮೆ ಬಾಡಿಗೆಯ ಮನೆಯೇ ಒಂದೂವರೆ ಸಾವಿರ ದುಬಾರಿ ಬಿತ್ತು. ಅವಳಿಗೆ ನಂಬಿಕೆಯೇ ಬರಲಿಲ್ಲ, ಎರಡು ಸಲ ಕೂಡಿಸಿದಳು.

ದೊಡ್ಡ ಸೊಸೈಟಿ: ಮೇಂಟೆನೆನ್ಸ್ ಸೇರಿ 30,000. ಎರಡು ತಿಂಗಳ ಅಡ್ವಾನ್ಸಿನ ಬಡ್ಡಿ 350. ಓಡಾಟಕ್ಕೆ ಖರ್ಚಿಲ್ಲ. ಒಟ್ಟು 30,350. ವಿಜಯನಗರಕ್ಕಿಂತ 6,190 ಜಾಸ್ತಿ. ಆದರೆ ಗಂಡನಿಗೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ, ತಿಂಗಳಿಗೆ 44 ಗಂಟೆ. ಅಂದರೆ ಗಂಟೆಗೆ 140 ರೂಪಾಯಿ ಕೊಟ್ಟು ಮಕ್ಕಳ ಅಪ್ಪನನ್ನು ಮನೆಗೆ ಕರೆಸಿಕೊಂಡ ಹಾಗೆ. ಇದು ದುಬಾರಿಯಾ ಅಗ್ಗವಾ ಅನ್ನುವುದು ಮನೆ ಮನೆಗೆ ಬೇರೆ. ಇಬ್ಬರೂ ಕೆಲಸಕ್ಕೆ ಹೋಗುವವರಾಗಿದ್ದರೆ, ಇಬ್ಬರ ಆಫೀಸೂ ಆ ಕಡೆಯೇ ಇದ್ದರೆ, ನಾನು ಕಣ್ಣು ಮುಚ್ಚಿ ಸೊಸೈಟಿ ಹಿಡಿ ಅನ್ನುತ್ತಿದ್ದೆ. ಮಗುವಿಗೆ ಜ್ವರ ಅಂತ ಫೋನ್ ಬಂದರೆ ಹತ್ತು ನಿಮಿಷದಲ್ಲಿ ಒಬ್ಬರಾದರೂ ಮುಟ್ಟುತ್ತೀರಿ. ತಂಗಿ ಸದ್ಯಕ್ಕೆ ಎರಡು ವರ್ಷ ಮನೆಯಲ್ಲೇ ಇರುತ್ತಾಳೆ. ಅವಳ ದಿನವಿಡೀ ಕಳೆಯುವುದು ಆ ಬೀದಿಯಲ್ಲಿ. ಹೀಗಾಗಿ ಬೀದಿ ಚೆನ್ನಾಗಿರುವ ಕಡೆ ಹೋಗು ಅಂದೆ. ವಿಜಯನಗರದಿಂದ ವೈಟ್‌ಫೀಲ್ಡಿಗೆ ಒಂದೇ ರೈಲು, ಬದಲಿಸುವ ಹಾಗಿಲ್ಲ.

ಯಾವಾಗ ಹುಡುಕುವುದು, ಕೀಲಿ ತೆಗೆದುಕೊಳ್ಳುವಾಗ ಏನು ಮಾಡುವುದು

ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರೂ ಸ್ಕೂಲ್ ಲೆಕ್ಕದಲ್ಲಿ ಮನೆ ಬದಲಿಸುತ್ತಾರೆ, ಚೌಕಾಸಿ ನಡೆಯಲ್ಲ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಹೋಗುವುದಿಲ್ಲ. ಮನೆ ಖಾಲಿ ಬಿಟ್ಟುಕೊಂಡ ಓನರ್ ಆಗ ಸ್ವಲ್ಪ ಮೆತ್ತಗಾಗಿರುತ್ತಾರೆ. ನಾವು ಈಗಿನ ಮನೆಗೆ ಹತ್ತು ತಿಂಗಳ ಅಡ್ವಾನ್ಸನ್ನು ಆರಕ್ಕೆ ಇಳಿಸಿಕೊಂಡದ್ದು ಹಾಗೆಯೇ. ಆಷಾಢದಲ್ಲಾ ಅಂತ ನಮ್ಮತ್ತೆ ಮುಖ ಊದಿಸಿದರು. ಆಷಾಢ ಹುಟ್ಟುವ ಎರಡು ದಿನ ಮೊದಲೇ ಕೀಲಿ ಇಸಕೊಂಡು ಹಾಲು ಉಕ್ಕಿಸಿ ಬಂದೆವು, ಸಾಮಾನು ಆಮೇಲೆ ಸಾಗಿಸಿದೆವು. ಅತ್ತೆಯೂ ಸಮಾಧಾನ, ಎಂಬತ್ತು ಸಾವಿರವೂ ಕೈಯಲ್ಲಿ.

ಸಾಧ್ಯವಾದರೆ ಕೆಲಸಕ್ಕೆ ಸೇರುವವರು ಮೊದಲು ಒಬ್ಬರೇ ಬಂದು ಒಂದು ತಿಂಗಳು ಪಿಜಿಯಲ್ಲಿರಲಿ. ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಇಷ್ಟವಾದ ಮನೆಯನ್ನು ಸಂಜೆ ಏಳರ ಮೇಲೆ ಇನ್ನೊಂದು ಸಲ ನೋಡಿ. ಹಗಲು ಶಾಂತವಾಗಿದ್ದ ಬೀದಿಯಲ್ಲಿ ರಾತ್ರಿ ಬಾರ್ ಬಾಗಿಲು ತೆರೆದಿರಬಹುದು. ಕರಾರಿನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಇಷ್ಟನ್ನು ಬರೆಸಿ. ಕೀಲಿ ಸಿಕ್ಕ ದಿನವೇ ಗೋಡೆ, ನಲ್ಲಿ, ಬಾಗಿಲು, ಕಮೋಡಿನ ವಿಡಿಯೋ ಮಾಡಿ ಓನರಿಗೇ ವಾಟ್ಸಾಪ್ ಮಾಡಿ. ಎರಡನೇ ಮನೆ ಬಿಡುವಾಗ, ನಾವು ಬರುವ ಮೊದಲೇ ಬಿರುಕು ಬಿಟ್ಟಿದ್ದ ವಾಶ್‌ಬೇಸಿನ್ನಿಗೆ ನಮ್ಮಿಂದ 4,500 ಹಿಡಿದರು. ನಮ್ಮ ಹತ್ತಿರ ಒಂದು ಫೋಟೋ ಇರಲಿಲ್ಲ.

ತಂಗಿ ಮೊನ್ನೆ ಮಗಳನ್ನು ಕರೆದುಕೊಂಡು ವಿಜಯನಗರದ ಮನೆ ನೋಡಿ ಬಂದಳು. ಬಾಲ್ಕನಿ ಗ್ರಿಲ್ಲಿನ ಸಂದಿ ಅಗಲವಾಗಿತ್ತಂತೆ. ಜಾಲರಿ ಹಾಕಿಸಿಕೊಡಿ ಅಂದಳಂತೆ. ಓನರ್ ಆಂಟಿ ಸ್ವಲ್ಪ ಯೋಚನೆ ಮಾಡಿ, "ಅರ್ಧ ನೀವು ಕೊಡಿ, ಅರ್ಧ ನಾನು ಹಾಕ್ತೀನಿ. ಮೊಮ್ಮಗ ಬಂದಾಗ ನನಗೂ ಅದೇ ಭಯ" ಅಂದರಂತೆ.